ಆಯಿ ಎಂದರೆ ಯಾರು
ನಾಗಪುರದ ಸಮಾಜಸೇವಕಿ ಸುಲಭಾ ಮೇಡಂ ಪರಿಶೀಲನೆಗೆ ಹೋದ ಮನೆಯಲ್ಲಿ ಮಗು ನಕ್ಕರೆ ‘ಕಲಿಸಿಕೊಟ್ಟ ನಗು’ ಎನ್ನುತ್ತಾರೆ, ಅತ್ತರೆ ‘ಹೆದರಿಸಿದ್ದೀರಿ’ ಎನ್ನುತ್ತಾರೆ. ಎರಡೂ ಮಾಡದಿದ್ದರೆ ಫ್ರಿಜ್ಜು ತೆರೆದು ಮೂಸುತ್ತಾರೆ. ತಾಯಿ ತೀರಿಕೊಂಡ ಮೊಮ್ಮಗಳ ಪಾಲನೆಯ ಹಕ್ಕು ಕೇಳಿ ಕೋರ್ಟಿಗೆ ಹೋಗಿದ್ದ ವೇದವತಿ, ಈ ಮೇಡಂ ಒಪ್ಪದೆ ಮಗು ತಮಗೆ ದಕ್ಕದೆಂದು ಬಲ್ಲವರಾಗಿ, ಚಿವಡಾದ ತಟ್ಟೆ ಮುಂದಿಟ್ಟು ನಿಂತಿದ್ದರು. ‘ಆಯಿ ಎಲ್ಲಿ?’ ಎಂದು ಮೇಡಂ ಮಗುವನ್ನು ಮರಾಠಿಯಲ್ಲಿ ಕೇಳಿದರು. ಅದು ಅಜ್ಜಿಯ ಸೆರಗು ಹಿಡಿಯಿತು. ‘ಹೆತ್ತವಳನ್ನೇ ಮರೆಸಿದ್ದೀರಿ, ಇದು ಬರೋಬರ್ ಅಲ್ಲ.’ ‘ನಿಮ್ಮಲ್ಲಿ ಆಯಿ ಅಂದ್ರ ತಾಯಿ, ನಮ್ ಧಾರವಾಡ ಕಡೆ ಅಜ್ಜಿ ರೀ ಮೇಡಂ.’ ‘ಅಜ್ಜಿ ತಾಯಿಯಾಗಲಾರಳು,’ ಎನ್ನುತ್ತ ಮೇಡಂ ಚಿವಡಾ ಮೆಲ್ಲುವಾಗ ಫೋನು ಬಂತು. ಎಣ್ಣೆಗೈಯಲ್ಲೇ ಸ್ಪೀಕರ್ ಒತ್ತಿದರು. ‘ಆಯಿ, ಯಾವಾಗ ಬರ್ತೀ?’ ಎಂದು ಎಳೆಯ ದನಿಯೊಂದು ಅತ್ತಿತು. ‘ಅಜ್ಜಿ ಇದ್ದಾಳಲ್ಲ, ನಿನಗೇನು ಕಡಿಮೆ?’ ಎಂದು ಮೇಡಂ ಗದರಿದರು.