ಸಾತಪ್ಪ ತಂದ ಉಂಡಿ

ಹೊಡೆಯುವ ಗಂಡನನ್ನು ಬಿಟ್ಟು ಬಂದ ನೀಲವ್ವನಿಗೆ ತವರಿನ ಬಾಗಿಲು ಮುಚ್ಚಿ ಆರು ವರ್ಷವಾಗಿತ್ತು. ದಾಂಡೇಲಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾಗರ ಪಂಚಮಿಗೆ ಅಣ್ಣಂದಿರು ತಂಗಿಯರಿಗೆ ಉಂಡಿ, ಕುಪ್ಪಸದ ಖಣ ತರುವ ದಿನ ಮಾತ್ರ ಅವಳು ಬೀದಿಯತ್ತ ನೋಡುತ್ತಿರಲಿಲ್ಲ.

ಈ ಸಲ ಸಾತಪ್ಪ ಬಂದ. ಕಾಗದದ ಕಾರ್ಖಾನೆಯ ಫಿಟ್ಟರ್, ಅಕ್ಕತಂಗಿಯರಿಲ್ಲದೆ ಬೆಳೆದವನು. ಹೆಂಡತಿ ಬಿಟ್ಟುಹೋದ ಮೇಲೆ ಅಪ್ಪನೂ ಅವನೊಡನೆ ಮಾತು ಬಿಟ್ಟಿದ್ದ. ಎರಡು ವರ್ಷದಿಂದ ದಿನಾ ನೀಲವ್ವನ ರೊಟ್ಟಿ ಉಂಡು, ಅವಳ ಕೆಲಸ ಮುಗಿಯುವವರೆಗೂ ಸುಮ್ಮನೆ ಕೂತಿರುತ್ತಿದ್ದ. ಈಗ ಅವಳೆದುರು ಒಂದು ಡಬ್ಬಿ ಶೇಂಗಾ ಉಂಡಿ, ಅದರ ಮೇಲೊಂದು ಹಸಿರು ಖಣ ಇಟ್ಟ.

"ನಿಮಗ ಯಾರೂ ತರಾಂಗಿಲ್ಲ ಅಂದಿದ್ರಿ..."

ನೀಲವ್ವ ಖಣವನ್ನೇ ನೋಡಿದಳು. ಅಣ್ಣನಾಗಿ ಬಂದನೇ ಇವನು? ಹಾಗಾದರೆ ಇಷ್ಟು ದಿನ ತಾನು ಏನೆಂದುಕೊಂಡಿದ್ದಳು? ಸಿಟ್ಟು ಬಂತೋ, ಅಳು ಬಂತೋ, ಅವಳಿಗೇ ತಿಳಿಯಲಿಲ್ಲ.

"ಇವತ್ತ ಇದನ್ನ ತರಾಂವ ಅಣ್ಣ ಆಗ್ತಾನ, ಗೊತ್ತೈತೇನ್ರೀ?"

ಸಾತಪ್ಪನ ಮುಖ ಬಿಳುಚಿತು. "ಹಂಗಲ್ರೀ... ನಾ..." ಡಬ್ಬಿ ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದ.

ನೀಲವ್ವ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. ಖಣವನ್ನಷ್ಟೇ ಮಡಚಿ ಅವನ ಕೈಗಿಟ್ಟಳು.

"ಉಂಡಿ ಇರಲಿ, ಹಸಿವಾಗೈತಿ. ಖಣ ಮಾತ್ರ ಪಂಚಮಿ ಮುಗದ ಮ್ಯಾಲೆ ತರ್ರಿ."