ಅಡುಗೆ ಮಾಡಬಾರದ ಅಡುಗೆಯವಳು

ನನ್ನ ಅತ್ತಿಗೆ ಹುಟ್ಟುವಾಗಲೇ ಕೈಯಲ್ಲಿ ಸೌಟು ಹಿಡಿದುಕೊಂಡು ಬಂದವಳು. ನಾನು ಹೇಳಿದ ಮಾತಲ್ಲ ಇದು, ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಅವಳ ಕೈಯೂಟ ಉಂಡವರು ಹೇಳುತ್ತಿದ್ದದ್ದು. ದಿನಕ್ಕೆ ಎರಡು ಹೊತ್ತು, ಮುನ್ನೂರು ಜನಕ್ಕೆ, ಇಪ್ಪತ್ತಾರು ವರ್ಷ ಬೇಯಿಸಿ ಹಾಕಿದಳು. ಯಾರೂ ಅವಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೂಲಿಯವನಿಗೂ ಸೌಟಮ್ಮ, ಮ್ಯಾನೇಜರಿಗೂ ಸೌಟಮ್ಮ. ಉಪ್ಪಿನ ಡಬ್ಬಿಯಲ್ಲಿ ಯಾರಾದರೂ ಚಮಚ ಇಟ್ಟರೆ ತೆಗೆದು ಎಸೆಯುತ್ತಿದ್ದಳು. "ಉಪ್ಪು ಎಷ್ಟು ಅಂತ ಕೈಗೆ ಗೊತ್ತಾಗ್ಬೇಕು. ಚಮಚಕ್ಕೇನು ಗೊತ್ತು, ಮಣ್ಣು?"

ಆಮೇಲೆ ಗಿರಣಿಯವರು ಊಟವನ್ನು ಗುತ್ತಿಗೆಗೆ ಕೊಟ್ಟರು. ಎಲ್ಲೋ ಬೇಯಿಸಿ, ಡಬ್ಬಿಗೆ ತುಂಬಿ, ವ್ಯಾನಿನಲ್ಲಿ ತರುವ ಊಟ. ಕ್ಯಾಂಟೀನಿಗೆ ಬೀಗ ಬಿತ್ತು. ಅಷ್ಟರಲ್ಲಿ ನನ್ನಣ್ಣ ತೀರಿಕೊಂಡು ವರ್ಷವಾಗಿತ್ತು. ಅವಳಿಗೆ ಮಕ್ಕಳಿಲ್ಲ, ನನಗೆ ಮದುವೆಯೇ ಇಲ್ಲ. ಗಿರಣಿ ಕೊಟ್ಟಿದ್ದ ಮನೆ ಗಿರಣಿಗೇ ವಾಪಸ್ಸು ಹೋಯಿತು. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಅಂತಾರಲ್ಲ, ನಾವಿಬ್ಬರೂ ಹಾಗೇ ಇದ್ದೆವು ಕೂಡ. ಆದರೆ ತಲೆ ಮೇಲೆ ಸೂರು ಇಲ್ಲದಾಗ ಹಾವೂ ಮುಂಗುಸಿಯೂ ಒಂದೇ ಬಿಲ ಹುಡುಕಬೇಕಾಗುತ್ತದೆ.

ಹಾಗೆ ಹುಡುಕಿದಾಗ ಸಿಕ್ಕಿದ್ದು ಈ ಕೆಲಸ. ಬೆಟ್ಟದ ಬುಡದಲ್ಲಿ, ಊರಿನಿಂದ ಎರಡು ಮೈಲಿ ದೂರದಲ್ಲಿ ಒಂದು ರಜೆ ಮನೆ. ಎರಡು ಮಲಗುವ ಕೋಣೆ, ಒಂದು ಅಡುಗೆಮನೆ, ಮುಂದೆ ಹುಲ್ಲುಹಾಸು. ವಾರಕ್ಕೆ, ಮೂರು ದಿನಕ್ಕೆ ಎಂದು ಪಟ್ಟಣದವರು ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಹೋಟೆಲಲ್ಲ ಅದು. ಬಂದವರು ಬೇಕಾದ್ದು ತಂದು, ತಾವೇ ಬೇಯಿಸಿಕೊಂಡು ತಿನ್ನಬೇಕು. ನಮ್ಮದು ಗುಡಿಸುವುದು, ಒರೆಸುವುದು, ಹಾಸಿಗೆ ಬಟ್ಟೆ ಬದಲಿಸುವುದು, ಸೌದೆ ಇಡುವುದು. ನನ್ನ ಮಂಡಿ ಕೆಟ್ಟಿರುವುದರಿಂದ ಒಗೆತ, ಇಸ್ತ್ರಿ ನನ್ನ ಪಾಲು. ಸಂಬಳ ಅಷ್ಟಕ್ಕಷ್ಟೇ, ಆದರೆ ಹಿಂದೆ ಒಂದು ರೂಮಿತ್ತು. ಕೆಲಸ ಇರುವವರೆಗೆ ರೂಮು.

ಮಾಲೀಕ ಮೊದಲ ದಿನವೇ ಹೇಳಿಬಿಟ್ಟಿದ್ದ. "ಗೆಸ್ಟ್ ಇರೋವಾಗ ಅವರ ಅಡುಗೆಮನೆಗೆ ಕೈ ಹಾಕಬಾರದು. ಹಿಂದೆ ಇದ್ದವಳು ಯಾರದೋ ಫ್ರಿಜ್ಜಿಂದ ಒಂದು ಕೇಕಿನ ತುಂಡು ತಿಂದಳು. ಸಂಜೆಗೆ ಗಂಟುಮೂಟೆ ಕಟ್ಟಿಸಿದೆ." ಅತ್ತಿಗೆ ತಲೆಯಾಡಿಸಿದಳು. ಕೇಕು ಕದಿಯುವ ಜಾತಿಯವಳಲ್ಲ ಅವಳು. ಆದರೆ ನನಗೆ ಆಗಲೇ ಅಳುಕಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ದೂರದ ಬೆಟ್ಟ ನುಣ್ಣಗೆ ಅಂತಾರೆ. ನಮಗೆ ಹತ್ತಿರದ ಬೆಟ್ಟ, ನುಣ್ಣಗೆ ಇರುವುದು ಏನೂ ಕಾಣಲಿಲ್ಲ. ಗೆಸ್ಟುಗಳು ಕಿಟಕಿ ತೆರೆದು "ಆಹಾ" ಎನ್ನುವ ಹೊತ್ತಿಗೆ ಅತ್ತಿಗೆ ಗೋಡೆಯ ಈಚೆ ಮೂಗರಳಿಸಿಕೊಂಡು ನಿಂತಿರುತ್ತಿದ್ದಳು. "ಈರುಳ್ಳಿ ಸೀದೋಯ್ತು. ಉರಿ ಇಳಿಸೇ ತಾಯಿ, ಇಳಿಸೇ... ಅಯ್ಯೋ, ಹಾಳುಮಾಡಿಬಿಟ್ಟಳು." ಐದು ವರ್ಷ ಇದೇ ಗೋಳು. ಪರರ ಒಲೆಯ ಮೇಲಿನ ಪಾತ್ರೆಗೆ ಇಷ್ಟು ಸಂಕಟಪಟ್ಟವರನ್ನು ನಾನು ಕಂಡಿಲ್ಲ. "ನಿನಗ್ಯಾಕೆ ಊರ ಉಸಾಬರಿ, ಬಾ ಇಲ್ಲಿ" ಎಂದು ನಾನು ರೇಗಿದರೆ, ನಮ್ಮ ಒಂಟಿ ಬರ್ನರಿನ ಸ್ಟೌವಿನ ಮುಂದೆ ಕೂತು ಇಬ್ಬರಿಗೆ ಬೇಯಿಸುತ್ತಿದ್ದಳು. ಮುನ್ನೂರು ಜನರ ಕೈ ಅದು. ಇಬ್ಬರಿಗೆ ಅಂತ ಇಟ್ಟರೂ ನಾಲ್ವರಿಗಾಗುತ್ತಿತ್ತು.

ಹೋದ ವರ್ಷ ಚಳಿ ಶುರುವಾಗುವ ಮುಂಚೆ ಒಬ್ಬ ಅಪ್ಪ, ಒಬ್ಬಳು ಮಗಳು ಬಂದರು. ಒಂದು ವಾರಕ್ಕೆ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ, ಈಗ ಬಿಟ್ಟಿದ್ದಾರೆ. ಎಪ್ಪತ್ತರ ಮೇಲೆ ವಯಸ್ಸು, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಮಗಳಿಗೆ ನಲವತ್ತಿರಬಹುದು. ಸೀದಾ ಮನುಷ್ಯರು. ಬಂದ ದಿನವೇ ಅವರು ನಮ್ಮ ಕೋಣೆಯ ಗೋಡೆ ಗಡಿಯಾರ ನಿಂತಿದ್ದು ನೋಡಿ, ಬಿಚ್ಚಿ, ಊದಿ, ಓಡಿಸಿಕೊಟ್ಟರು. ಅತ್ತಿಗೆಗೆ ಅವರ ಮೇಲೆ ಅಲ್ಲೇ ಅಕ್ಕರೆ ಹುಟ್ಟಿತು.

ಎರಡನೇ ದಿನ ಮಧ್ಯಾಹ್ನ ಅಪ್ಪ ಮಗಳು ಹುಲ್ಲುಹಾಸಿನಾಚೆಯ ಬೆಂಚಿನವರೆಗೆ ನಡೆದು ಹೋಗಿದ್ದರು. ಟವೆಲ್ ಬದಲಿಸಲೆಂದು ಅತ್ತಿಗೆ ಒಳಗೆ ಹೋದಳು. ವಾಪಸ್ಸು ಬಂದಾಗ ಮುಖ ಊರಗಲ.

"ಒಂದು ಪಾತ್ರೆ ಊಟ ಉಳಿಸಿಬಂದೆ ಕಣೇ."

"ಏನು ಮಾಡಿದೆ ಅತ್ತಿಗೆ?"

"ಒಲೆ ಮೇಲೆ ತರಕಾರಿ ಸೂಪಿತ್ತು. ಮೂರು ದಿನಕ್ಕಾಗೋಷ್ಟು. ಮುಚ್ಚಳ ತೆಗೆದು ನಾಲಿಗೆಗೆ ಹಚ್ಚಿದೆ, ಬರೀ ನೀರು! ಪಾಪ, ಹುಡುಗಿ ಉಪ್ಪು ಹಾಕೋದೇ ಮರೆತಿದಾಳೆ. ಹಾಕಿ, ಎರಡು ಸಲ ತಿರುವಿ, ಮುಚ್ಚಿ ಬಂದೆ. ಆ ವಯಸ್ಸಾದವರು ಅದನ್ನ ಹೇಗೆ ತಿನ್ನಬೇಕು ಹೇಳು?"

"ಮಾಲೀಕನಿಗೆ ಗೊತ್ತಾದರೆ ಚರ್ಮ ಸುಲೀತಾನೆ" ಎಂದೆ. ಆದರೆ ನಕ್ಕೆ. ನಿಜ ಹೇಳಬೇಕಲ್ಲ, ನಾನೂ ನಕ್ಕೆ.

ಮಾರನೆಯ ದಿನ ಗಡಿಯಾರದವರು ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅತ್ತಿಗೆ ಹತ್ತಿರ ಹೋದಾಗ ಕೇಳಿಸುವ ಹಾಗೆ ಹೇಳಿದರು, "ನನ್ನ ಮಗಳ ಕೈಗೆ ಈ ಊರಿನ ನೀರು ಒಗ್ಗಿದೆ ಅಮ್ಮ. ಎರಡೆರಡು ಬಟ್ಟಲು ಕುಡೀತಿದೀನಿ." ಮಗಳು ನಾಚಿಕೊಂಡಳು. ಅವಳು ಆ ಸೂಪು ಮುಟ್ಟುತ್ತಿರಲಿಲ್ಲ. ಅದು ಅಪ್ಪನ ಪಥ್ಯ, ಅವಳದ್ದು ಬ್ರೆಡ್ಡು, ಮೊಟ್ಟೆ. ಹೃದಯ ಸೋತವರಿಗೆ ಉಪ್ಪು ಕೂಡದು, ಮೈಯಲ್ಲಿ ನೀರು ನಿಂತು ಶ್ವಾಸಕೋಶಕ್ಕೆ ತುಂಬುತ್ತದೆ ಎನ್ನುವುದು ನಮಗೆಲ್ಲಿ ಗೊತ್ತು? ಹನ್ನೊಂದು ತಿಂಗಳಿಂದ ಆ ಮನುಷ್ಯ ಉಪ್ಪು ಕಂಡಿರಲಿಲ್ಲವಂತೆ. ನಾಲಿಗೆಗೆ ಗೊತ್ತಾಗಿರಲೇಬೇಕು. ಗೊತ್ತಾಗಿಯೂ ಸುಮ್ಮನೆ ಕುಡಿದರು, ಪುಣ್ಯಾತ್ಮ.

ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಮಗಳು ಕೂಗಿಕೊಂಡಳು. ಹೋಗಿ ನೋಡಿದರೆ ಅವರು ಮಂಚದ ಮೇಲೆ ಎದ್ದು ಕೂತು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದಾರೆ, ಕಾಲು ದಿಂಬಿನ ಹಾಗೆ ಊದಿದೆ. ಅವಳು ಫೋನಿನಲ್ಲಿ ಡಾಕ್ಟರಿಗೆ ಹೇಳುತ್ತಿದ್ದಳು. "ಇಲ್ಲ ಡಾಕ್ಟರ್, ಒಂದು ಹರಳು ಉಪ್ಪೂ ಹಾಕಿಲ್ಲ, ನಾನೇ ಮಾಡೋದು, ಅದಕ್ಕೇ ತಾನೆ ಅಡುಗೆಮನೆ ಇರೋ ಮನೆ ಹುಡುಕಿಕೊಂಡು ಬಂದಿದ್ದು!"

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಂಬುಲೆನ್ಸ್ ಬಂತು, ಇಬ್ಬರನ್ನೂ ಕರೆದುಕೊಂಡು ಹೋಯಿತು.

ಆ ದಿನವಿಡೀ ಅವಳದ್ದು ಒಂದೇ ಮಾತು. "ಹೇಳಬೇಕು. ಆಸ್ಪತ್ರೆಗೆ ಹೋಗಿ ಹೇಳಬೇಕು."

"ಹೇಳಿ ಏನಾಗಬೇಕು? ಹಾಕಿದ ಉಪ್ಪು ವಾಪಸ್ ಬರುತ್ತಾ? ಡಾಕ್ಟರಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ, ಔಷಧಿ ಕೊಡ್ತಾರೆ. ನೀನು ಹೇಳಿದರೆ ಮಾಲೀಕ ನಮ್ಮ ಚಾಪೆ ಬೀದಿಗೆ ಎಸೀತಾನೆ. ಅರವತ್ತೊಂದು ನಿನಗೆ, ಐವತ್ತೆಂಟು ನನಗೆ. ಯಾರ ಮನೆ ಜಗುಲಿ ಮೇಲೆ ಮಲಗೋಣ?"

"ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರೆ. ತಿನ್ನಿಸಿದವಳು ನಾನು ಕಣೇ. ನಾನೇನು ಕುಡೀಲಿ?"

ಬಾಯಿಗೆ ಬೀಗ ಹಾಕಿಕೊಂಡಿರು ಎಂದು ಗದರಿದೆ. ಬಸ್ಸಿಗೆ ಕಾಸು ಕೇಳಿದಳು. ಕೊಡಲಿಲ್ಲ. ನಡೆದೇ ಹೊರಟಳು, ತಿರುವಿನವರೆಗೆ ಹೋಗಿ ಆಸ್ಪತ್ರೆ ಯಾವುದೆಂದೂ ಗೊತ್ತಿಲ್ಲದೆ ತಿರುಗಿ ಬಂದಳು.

ಐದು ದಿನದ ಮೇಲೆ ಮಗಳು ಕಾರಿನಲ್ಲಿ ಒಬ್ಬಳೇ ಬಂದಳು, ಬಿಟ್ಟುಹೋದ ಸಾಮಾನು ತೆಗೆದುಕೊಳ್ಳಲು. ನಾವು ಕೇಳುವ ಮೊದಲೇ ಹೇಳಿದಳು, ಅಪ್ಪ ಮೂರನೇ ದಿನ ಹೋದರು ಎಂದು. ಚೀಲಕ್ಕೆ ಅವರ ಸ್ವೆಟರ್ ಇಡುತ್ತಾ ಇಡುತ್ತಾ ಕುಸಿದು ಕೂತಳು.

"ನಾನೇ ಕೊಂದೆ ಅಮ್ಮ. ಇಲ್ಲಿ ಶೆಲ್ಫಿನಲ್ಲಿ ಹಿಂದಿನವರು ಯಾರೋ ಬಿಟ್ಟುಹೋದ ಮಸಾಲೆ ಪುಡಿ ಪ್ಯಾಕೆಟ್ ಇತ್ತು. ರುಚಿಯಾಗಲಿ ಅಂತ ಚೂರು ಹಾಕಿದೆ. ಅದರಲ್ಲೇ ಉಪ್ಪಿತ್ತು ಅನಿಸುತ್ತೆ. ಓದಲೂ ಇಲ್ಲ, ಖಾಲಿಯಾಯ್ತು ಅಂತ ಪ್ಯಾಕೆಟ್ಟನ್ನೂ ಒಲೆಗೆ ಹಾಕಿದೆ. ಅಪ್ಪ ಚೆನ್ನಾಗಿದೆ ಚೆನ್ನಾಗಿದೆ ಅಂದಾಗಲಾದರೂ ಒಂದು ಚಮಚ ಬಾಯಿಗೆ ಹಾಕಿ ನೋಡಬಾರದಿತ್ತಾ ನಾನು?"

ನಾನು ಅತ್ತಿಗೆಯ ಸೆರಗು ಎಳೆದೆ. ಅವಳು ನನ್ನ ಕೈ ಕಿತ್ತು ಹಾಕಿದಳು.

"ನೀನಲ್ಲ ಮಗಳೇ. ನಾನು. ನೀವು ಬೆಂಚಿನ ಹತ್ತಿರ ಹೋಗಿದ್ದಾಗ ನಾನು ಪಾತ್ರೆ ಮುಚ್ಚಳ ತೆಗೆದೆ. ಸಪ್ಪೆ ಇತ್ತು. ನೀನು ಮರೆತೆ ಅಂದುಕೊಂಡು ಉಪ್ಪು ನಾನೇ ಹಾಕಿದೆ. ಈ ಕೈಯಿಂದ."

ಮಗಳು ತಲೆಯೆತ್ತಿ ಅವಳನ್ನು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಪೊಲೀಸರನ್ನು ಕರೆಯುತ್ತಾಳೆ, ಎಂದು ನಾನು ಕಲ್ಲಾಗಿ ನಿಂತಿದ್ದೆ. ಅವಳು ಅತ್ತಿಗೆಯ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ನನ್ನ ಸಮಾಧಾನಕ್ಕೆ ಅಂತ ಇಷ್ಟು ದೊಡ್ಡ ಸುಳ್ಳು ಹೇಳ್ತೀರಾ ಅಮ್ಮ? ನಿಮ್ಮ ಕೆಲಸ ಹೋಗುತ್ತೆ ಅಂತಲೂ ಯೋಚಿಸದೆ?"

"ಸುಳ್ಳಲ್ಲ! ಕೇಳು, ಇವಳನ್ನ ಕೇಳು. ಇವಳಿಗೆ ಅವತ್ತೇ ಹೇಳಿದೀನಿ."

ಮಗಳು ನನ್ನ ಕಡೆ ತಿರುಗಿದಳು. ಅತ್ತು ಕೆಂಪಾದ ಆ ಕಣ್ಣುಗಳಲ್ಲಿ ಒಂದು ಆಸೆ ಇತ್ತು. ನಾನು ನೋಡಿದೆ, ನೋಡಲಿಲ್ಲ ಎಂದರೆ ನನ್ನ ನಾಲಿಗೆ ಸೇದಿಹೋಗಲಿ. ಹೌದು, ಇವಳೇ ಹಾಕಿದ್ದು ಅಂತ ನಾನೊಂದು ಮಾತು ಹೇಳಿದ್ದರೆ ಸಾಕಿತ್ತು, ಆ ಹೆಣ್ಣು ಉಸಿರು ಬಿಡುತ್ತಿದ್ದಳು. ನನ್ನ ಕಣ್ಣ ಮುಂದೆ ಹಿಂದಿನ ರೂಮಿನ ಬಾಗಿಲು ಬಂತು.

"ನಮ್ಮ ಅತ್ತಿಗೆ ಸ್ವಭಾವವೇ ಹಾಗೆ" ಎಂದೆ. "ಯಾರಾದರೂ ಅತ್ತರೆ ತಡಕೊಳ್ಳಲ್ಲ. ಅವಳು ನಿಮ್ಮ ಅಡುಗೆಮನೆ ಹೊಸ್ತಿಲೂ ದಾಟಿಲ್ಲ."

ಮಗಳು ತಲೆಯಾಡಿಸಿದಳು. ಚೀಲಗಳನ್ನು ಎತ್ತಿಕೊಂಡಳು. ಹೋಗುವಾಗ ಮಾಲೀಕನಿಗೆ ನಮ್ಮ ಬಗ್ಗೆ ಒಳ್ಳೆಯ ಮಾತು ಬರೆಯುತ್ತೇನೆ ಎಂದಳು. ಅತ್ತಿಗೆ ಕಾರಿನ ಹಿಂದೆ ಗೇಟಿನವರೆಗೂ ಓಡಿದಳು, ಚಪ್ಪಲಿಯೂ ಇಲ್ಲದೆ. ಗಾಜು ಬಡಿದಳು. ಮಗಳು ಒಳಗಿಂದ ಕೈಮುಗಿದು ಹೊರಟುಹೋದಳು.

"ಆ ಹುಡುಗಿ ಸಾಯೋವರೆಗೂ ಅದನ್ನ ಹೊರ್ತಾಳಲ್ಲೇ" ಎಂದಳು ಅತ್ತಿಗೆ, ಬಂದು.

"ಹೊರಲಿ. ಅವಳಿಗೆ ಮನೆ ಇದೆ."

ಹೀಗೆಂದವಳು ನಾನೇ. ಅವಳು ಮಾಲೀಕನಿಗೆ ಫೋನ್ ಮಾಡಿ ಅವರ ವಿಳಾಸ ಕೇಳಿದಳು, ಗೆಸ್ಟುಗಳ ವಿಳಾಸ ಕೊಡುವಂತಿಲ್ಲ ಎಂದ. ಇನ್ನೊಮ್ಮೆ ಕೇಳಿದಳು, ರೇಗಿದ. ಅಲ್ಲಿಗೆ ಮುಗಿಯಿತು. ಮಗಳು ಹೇಳಿದಂತೆಯೇ ಬರೆದಿದ್ದಳು. ಮಾಲೀಕ ಖುಷಿಯಾಗಿ ನಮ್ಮ ರೂಮಿಗೆ ಹೊಸ ಹೆಂಚು ಹಾಕಿಸಿದ. ಈ ಮಳೆಗಾಲದಲ್ಲಿ ಒಂದು ಹನಿಯೂ ಸೋರಲಿಲ್ಲ. ಅತ್ತಿಗೆ ನನ್ನನ್ನು ಒಂದು ದಿನವೂ ಬೈದಿಲ್ಲ. ಹೊತ್ತು ಹೊತ್ತಿಗೆ ತಟ್ಟೆ ಹಾಕಿ ಕರೆಯುತ್ತಾಳೆ, ನಾನು ಹೋಗಿ ಕೂತು ಉಣ್ಣುತ್ತೇನೆ.