ಬೆಲ್ಲದ ಶಿವಪ್ರಕಾಶನ ಬಾಯಿ ಕಟ್ಟಿದ್ದು

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಶಿವಪ್ರಕಾಶನ ಬೆಲ್ಲ ಸಿಹಿಯಿಂದ ಮಾರಾಟವಾಗುತ್ತಿತ್ತೋ ಅವನ ಮಾತಿನಿಂದಲೋ ಹೇಳುವುದು ಕಷ್ಟ. ರೈತರೊಂದಿಗೆ ಮರಾಠಿ, ಗಿರಾಕಿಗಳೊಂದಿಗೆ ಹಿಂದಿ, ನನ್ನೊಂದಿಗೆ ನಮ್ಮ ಊರಾದ ಇಂಡಿ ಕಡೆಯ ಕನ್ನಡ. ಹರಾಜು ಶುರುವಾದರೆ ಮೂರೂ ಒಟ್ಟಿಗೆ. ಪಕ್ಕದ ಮೆಣಸಿನಕಾಯಿ ಅಂಗಡಿ ನನ್ನದು. ನನಗೆ ಕೋಪ ಮೂಗಿನ ತುದಿಯಲ್ಲೇ. "ಮಾರ್ತಾಂಡಣ್ಣಾ, ಮಾಲಿನ ಗುಣ ನಿಮಗ ಹತ್ತೇದ ನೋಡ್ರಿ" ಎಂದು ಅವನು ಕೆಣಕುವನು. ಅಂಥವನ ಬಾಯಿ ಕಟ್ಟಿದ್ದು ಮಗಳ ಶಾಲೆಯ ಕಂಪ್ಯೂಟರು.

ಅವನ ತಾಯಿ ಕಾಶವ್ವ ಬಿಬವೇವಾಡಿಯ ಮನೆಯಲ್ಲಿ ಅವನ ಜೊತೆಗೇ ಇದ್ದಳು. ಬಾಗಿಲಿನ ಎದುರಿನ ಗೋಡೆಗೆ ಬೆನ್ನು ಹಚ್ಚಿ ಚಕ್ಕಳಮಕ್ಕಳ ಹಾಕಿ ಕೂತಿರುವಳು. ಆರನೇ ತರಗತಿಯ ಮೊಮ್ಮಗಳು ಸಿಂಧು ಚೀಲ ಇಳಿಸುವುದರೊಳಗೆ, "ಇವತ್ತ ಏನೇನಾತು, ಹೇಳ ನಮ್ಮವ್ವಾ" ಎನ್ನುವಳು. ಹುಡುಗಿ ಒಂದೂ ಬಿಡದೆ ಹೇಳುವಳು. ಇಷ್ಟು ದೊಡ್ಡ ಊರಿನಲ್ಲಿ ಒಂದು ಮಗುವಿನ ಮಾತು ಪೂರ್ತಿ ಕೇಳುವ ಪುರುಸೊತ್ತು ಇದ್ದದ್ದು ಆ ಮುದುಕಿಗೊಬ್ಬಳಿಗೇ.

ಈ ಮಳೆಗಾಲದಲ್ಲಿ ಕಾಶವ್ವ ಲಿಂಗೈಕ್ಯಳಾದಳು. ಊರಿಗೆ ಒಯ್ದರು, ನಾನೂ ಹೋಗಿದ್ದೆ. ನಮ್ಮ ಲಿಂಗಾಯತರ ರೀತಿಯಂತೆ ಮೈ ತೊಳೆದು, ಗೋಡೆಗೆ ಒರಗಿಸಿ ಕೂಡಿಸಿ, ಕುತ್ತಿಗೆ ವಾಲದಂತೆ ಅರಿವೆಯಿಂದ ಕಟ್ಟಿ, ಹಣೆತುಂಬ ವಿಭೂತಿ ಹಚ್ಚಿದರು. ಸಮಾಧಿಯಲ್ಲೂ ಕೂಡಿಸಿದರು, ಅಂಗೈಯಲ್ಲಿ ಲಿಂಗವಿಟ್ಟು. ಬಿಲ್ವಪತ್ರೆ ಹಾಕಿ, ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದೆವು. ಸಿಂಧುವೂ ಹಾಕಿದಳು. ಅವಳು ಹೆದರಲಿಲ್ಲ. ಅಜ್ಜಿ ದಿನಾ ಕೂರುವ ಹಾಗೆಯೇ ಕೂತಿದ್ದಳಲ್ಲ!

ಪುಣೆಗೆ ಮರಳಿದ ಮೇಲೆ ಸಂಜೆಯ ಮಾತು ಅಪ್ಪನ ಪಾಲಿಗೆ ಬಂತು. ಅವನು ಅಂಗಡಿಯಿಂದ ಬಂದರೆ ಸಾಕು, ಹುಡುಗಿ ಅಜ್ಜಿಯ ಜಾಗದಲ್ಲಿ ಕೂತು ಅಜ್ಜಿಯದೇ ಮಾತು ತೆಗೆಯುವಳು. ಇಬ್ಬರೂ ಅಳುವರು, ಇಬ್ಬರೂ ನಗುವರು. "ಅಣ್ಣಾ, ಈ ಹುಡುಗಿ ಮಾತಾಡತದ ಅಂತ ನಾ ಇನ್ನೂ ಗಟ್ಟಿ ಇದ್ದೀನ್ರಿ" ಎಂದು ಅವನು ನನಗೆ ಹೇಳಿದ್ದ.

ಆಗಲೇ ಶಾಲೆಯಿಂದ ಕರೆ ಬಂತು. ಅವನ ದನಿ ಕೇಳಿ ನಾನೂ ಅಂಗಡಿ ಬಿಟ್ಟು ಜೊತೆಗೆ ಹೋದೆ.

ಶಾಲೆಗೆ ಈ ವರ್ಷವೇ ಹೊಸದೊಂದು ಎಐ ಬಂದಿತ್ತು. ಮಕ್ಕಳು ವಾರಕ್ಕೊಮ್ಮೆ ಅದರಲ್ಲಿ ಪ್ರಬಂಧ ಬರೆಯಬೇಕು. ಅದು ತಪ್ಪು ತಿದ್ದುತ್ತದೆ. ಯಾವುದಾದರೂ ಮಗು ಅಪಾಯದಲ್ಲಿದೆ ಅನಿಸಿದರೆ ಕೆಂಪು ಗುರುತು ಹಾಕುತ್ತದೆ. ಸಿಂಧು ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇಷ್ಟು: 'ಅಪ್ಪ, ಊರಿನ ಕಾಕಾ ಸೇರಿ ಅಜ್ಜಿಯನ್ನು ಗೋಡೆಗೆ ಕೂಡಿಸಿ ಕಟ್ಟಿದರು. ಆಮೇಲೆ ಗುಂಡಿಯಲ್ಲಿ ಕೂಡಿಸಿದರು. ಎಲ್ಲರೂ ಮಣ್ಣು ಹಾಕಿದೆವು. ನಾನೂ ಹಾಕಿದೆ. ಅಜ್ಜಿ ಅಳಲಿಲ್ಲ.' ತೀರಿಕೊಂಡಳು ಎಂದು ಎಲ್ಲೂ ಬರೆದಿರಲಿಲ್ಲ. ಅದು ತರಗತಿಗೆಲ್ಲ ಗೊತ್ತಿದ್ದ ಸಂಗತಿ, ಅವಳು ರಜೆ ಹಾಕಿ ಊರಿಗೆ ಹೋದದ್ದೇ ಅದಕ್ಕೆ.

ನಾವು ಮುಟ್ಟುವಷ್ಟರಲ್ಲಿ ಆಪ್ತಸಲಹೆಯ ಮ್ಯಾಡಮ್ ಸಿಂಧುವನ್ನು ಬೇರೆ ಕೋಣೆಯಲ್ಲಿ ಕೂಡಿಸಿಕೊಂಡು, ಅಪ್ಪ ಹೊಡೆಯುತ್ತಾನೆಯೇ, ಕಟ್ಟಿಹಾಕುತ್ತಾನೆಯೇ ಎಂದೆಲ್ಲ ಕೇಳಿ ಮುಗಿಸಿದ್ದರು. ಹುಡುಗಿಯ ಮುಖ ಇಷ್ಟೇ ಇಷ್ಟಾಗಿತ್ತು.

ಶಿವಪ್ರಕಾಶ ಮುಖ್ಯಾಧ್ಯಾಪಕಿಗೆ ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದ. ಅವರು ಕೆಟ್ಟವರಲ್ಲ. "ನಮ್ಮ ಸೋಲಾಪುರದ ಓಣಿಯಲ್ಲಿ ನಾನೇ ನೋಡಿದ್ದೇನೆ, ನನಗೆ ತಿಳಿಯಿತು" ಎಂದರು. ನನಗೆ ಜೀವ ಬಂದಂತಾಯಿತು. ಆದರೆ ಅವರು ಪರದೆ ನಮ್ಮ ಕಡೆ ತಿರುಗಿಸಿದರು. ಒಮ್ಮೆ ಬಿದ್ದ ಕೆಂಪು ಗುರುತನ್ನು ತೆಗೆಯುವ ಅಧಿಕಾರ ಅವರಿಗಿರಲಿಲ್ಲ. ಶಾಲೆಯ ಈ ಟರ್ಮ್ ಮುಗಿಯುವವರೆಗೆ ಸಿಂಧು ಬರೆದದ್ದೆಲ್ಲ ನಿಗಾದಲ್ಲಿ. ಇನ್ನೊಮ್ಮೆ ಕೆಂಪಾದರೆ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ, ಅಲ್ಲಿಂದ ಪೊಲೀಸರಿಗೂ ಹೋಗಬಹುದು.

ನನ್ನ ಪಿತ್ತ ನೆತ್ತಿಗೇರಿತು. "ನೀವು ಕಣ್ಣಾರೆ ಕಂಡವರು, ನಿಮಗಿಂತ ಅದು ಹೆಚ್ಚೇನು? ಬಂದ್ ಮಾಡಿ ಅದನ್ನ!" ಎಂದೆ.

"ಶಾಲೆ ನಡೆಸುವ ಟ್ರಸ್ಟಿನವರು ತಂದದ್ದು. ನಮ್ಮ ಇನ್ನೊಂದು ಶಾಲೆಯಲ್ಲಿ ಒಂದು ಮಗುವಿನ ಮೇಲೆ ನಿಜವಾಗಿ ನಡೆಯುತ್ತಿದ್ದ ಅನ್ಯಾಯ ಇದರಿಂದಲೇ ಗೊತ್ತಾಯಿತು. ಬೇಡ ಎಂದು ಯಾವ ಬಾಯಿಂದ ಹೇಳಲಿ?" ಎಂದರು. ಆಮೇಲೆ ದನಿ ತಗ್ಗಿಸಿ, "ಸದ್ಯಕ್ಕೆ ಮನೆಯದು, ಅಜ್ಜಿಯದು ಬೇಡ. ಹೂವು, ಹಕ್ಕಿ ಅಂತ ಬರೆಯಲಿ" ಎಂದರು. ಬೋನಿಗೆ ಅವರೂ ಬಿದ್ದಿದ್ದರು, ಕುರ್ಚಿ ಮಾತ್ರ ಮೆತ್ತನೆಯದು.

ಅಂದು ಸಂಜೆ ನಡೆದದ್ದನ್ನು ಅವನೇ ಹೇಳಿದ.

"ಅಜ್ಜಿದು ಶಾಲ್ಯಾಗ ಬರೀಬ್ಯಾಡ ನಮ್ಮವ್ವಾ" ಎಂದನಂತೆ.

"ನಾ ಸುಳ್ಳ ಬರದೀನೇನಪ್ಪಾ?"

"ಇಲ್ಲ."

"ಹಂಗಾರ ಯಾಕ?"

ನೂರು ಜನರ ಹರಾಜಿನಲ್ಲಿ ಒಮ್ಮೆಯೂ ತಡವರಿಸದವನು ಆ ಪ್ರಶ್ನೆಗೆ ಎದ್ದು ನೀರು ಕುಡಿಯಲು ಹೋದನಂತೆ.

ಶಾಲೆಯಲ್ಲಿ ಬೇಡ ಅಂದದ್ದನ್ನು ಹುಡುಗಿ ಮನೆಯಲ್ಲೂ ಬಿಟ್ಟಳು. ಅಜ್ಜಿಯ ಜಾಗದಲ್ಲಿ ಕೂರಲಿಲ್ಲ. ಏನಾತು ಎಂದರೆ "ಏನಿಲ್ಲ" ಎನ್ನುವಳು. ತಾಯಿ ನೀತಾ ಹೋಳಿಗೆ ಮಾಡಿದಳು, ನಾನು ಕಾತ್ರಜಿನ ಮೃಗಾಲಯಕ್ಕೆ ಹುಲಿ ತೋರಿಸಲು ಕರೆದೊಯ್ದೆ. ಹುಲಿ ನೋಡಿದಳು, ಮಾತಾಡಲಿಲ್ಲ. ಶಿವಪ್ರಕಾಶ ಹರಾಜನ್ನು ಬೇರೆಯವರಿಗೆ ಬಿಟ್ಟು ಅಂಗಡಿಯ ಗದ್ದಿಗೆಯ ಮೂಲೆಯಲ್ಲಿ ಕೂರತೊಡಗಿದ. ಶಾಲೆ ಬದಲಿಸು ಎಂದೆ. "ಟಿಸಿ ಜೊತಿಗೆ ಆ ಕೆಂಪೂ ಬರತದಂತ್ರಿ" ಎಂದ.

ಟರ್ಮ್ ಮುಗಿದಾಗ ಶಾಲೆಯವರು ಮತ್ತೆ ಕರೆದರು. ನೀತಾ ಬರಲಿಲ್ಲ, ಅಲ್ಲಿಗೆ ಹೋದರೆ ತನ್ನ ಬಾಯಿ ಸುಮ್ಮನಿರುವುದಿಲ್ಲ ಎಂದಳು. ನಾವಿಬ್ಬರೇ ಹೋದೆವು. ಈ ಸಲ ಮುಖ್ಯಾಧ್ಯಾಪಕಿಯ ಮುಖದಲ್ಲಿ ನಗು. ಪಠ್ಯದಲ್ಲಿದ್ದುದರಿಂದ ತರಗತಿಗೆಲ್ಲ 'ನನ್ನ ಅಜ್ಜಿ' ಎಂಬ ವಿಷಯ ಕೊಟ್ಟಿದ್ದರು, ಸಿಂಧುವಿಗೆ ಎಲ್ಲರಿಗಿಂತ ಹೆಚ್ಚು ಅಂಕ, ಹಸಿರು ಗುರುತು. ಮೊದಲ ಸಾಲಷ್ಟೇ ಅವಳದು. ಮುಂದಿನದನ್ನು ತಾನೇ ಚೆಂದ ಮಾಡಿಕೊಡಲೇ ಎಂದು ಆ ಎಐ ಕೇಳಿತ್ತು, ಅವಳು ಹೂಂ ಎಂದಿದ್ದಳು. ಶಾಲೆಯಲ್ಲಿ ಅಷ್ಟಕ್ಕೆ ಅಪ್ಪಣೆಯಿತ್ತು.

ಶಿವಪ್ರಕಾಶ ನಿಧಾನವಾಗಿ ಓದಿದ. ಆ ಅಜ್ಜಿ ತೂಗುಕುರ್ಚಿಯಲ್ಲಿ ಕೂತು ರಾಜಕುಮಾರಿಯ ಕಥೆ ಹೇಳುತ್ತಿದ್ದಳು. ಕನ್ನಡಕ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಿದ್ದಳು. ಒಂದು ದಿನ ನಿದ್ದೆಯಲ್ಲೇ ತೀರಿಕೊಂಡಳು. ಅವಳನ್ನು ದಹನ ಮಾಡಿ ಬೂದಿಯನ್ನು ನದಿಯಲ್ಲಿ ಬಿಟ್ಟರು. ಈಗ ಅವಳು ನಕ್ಷತ್ರ.

ಸುಡುವವರು ಸುಡಲಿ, ಅದು ಅವರವರ ರೀತಿ. ಆದರೆ ಕಾಶವ್ವನನ್ನು ನಾನೇ ಹೆಗಲು ಕೊಟ್ಟು ಒಯ್ದಿದ್ದೆ.

"ಇದರಲ್ಲಿರುವುದೆಲ್ಲ ನಿಜ ಎಂದು ಪಾಲಕರು ಒಮ್ಮೆ ಹೇಳಿದರೆ ನಿಗಾ ಮುಗಿಯುತ್ತದೆ" ಎಂದು ಮುಖ್ಯಾಧ್ಯಾಪಕಿ ಮೆಲ್ಲಗೆ ಅಂದರು. ಅವರು ನಮ್ಮ ಮುಖ ನೋಡಲಿಲ್ಲ. ಸಿಂಧು ಅಪ್ಪನ ಕೈ ಹಿಡಿದು ನಿಂತಿದ್ದಳು, ಅವನನ್ನೇ ನೋಡುತ್ತ.

ಇಲ್ಲ ಎಂದರೆ ಮತ್ತೆ ಕೆಂಪು, ಮತ್ತೆ ಆ ಕೋಣೆ, ಆ ಪ್ರಶ್ನೆಗಳು.

"ಹೌದು. ನಮ್ಮವ್ವ ಹೀಗೇ ಇದ್ದಳು" ಎಂದು ಮರಾಠಿಯಲ್ಲಿ ಹೇಳಿದ.

ಸಿಂಧು ಕೈ ಬಿಟ್ಟಳು.

ಹೊರಗೆ ಅವನು ಸ್ಕೂಟರ್ ನಿಲ್ಲಿಸಿದಲ್ಲಿಗೆ ಬಂದೆವು. ಹಿಂದೆ ಹತ್ತಿ ಕೂತು ಹುಡುಗಿ ಎಷ್ಟೋ ದಿನಗಳ ಮೇಲೆ ತಾನಾಗಿ ಬಾಯಿ ತೆರೆದಳು.

"ಅಪ್ಪಾ, ಹಂಗಾರ ನಾವು ಊರಾಗ ಕೂಡಿಸಿ ಬಂದಿದ್ದು ಯಾರನ್ನ?"

ಶಿವಪ್ರಕಾಶ ನನ್ನ ಕಡೆ ನೋಡಿದ. ಆಮೇಲೆ ಹೆಲ್ಮೆಟ್ ಹಾಕಿಕೊಂಡು ಗಾಡಿ ಶುರು ಮಾಡಿದ.